ಮೊದಲು ನಯಾಜ್ ಒಂದೇಟೂ ಹೊಡೀಲಿಲ್ಲ

ನೋಡ್ರಪ್ಪಾ, ಶಿರಾದ ಗೇಮ್ ಅಂಗಡೀಲಿ ಇವತ್ತು ಹೊಸ ಫೈಟಿಂಗ್ ಗೇಮ್ ಹಾಕಿದ್ವಿ. ಮೂರರಲ್ಲಿ ಎರಡು ರೌಂಡ್ ಸೋತವರು ಕುರ್ಚಿ ಬಿಟ್ಟು ಏಳಬೇಕು, ಅದು ಇಲ್ಲಿನ ರೂಲ್ಸು. ಹಳೇ ಗೇಮಲ್ಲಿ ನಾನೂ, ದಿನಾ ಆಡೋಕೆ ಬರೋ ನಯಾಜೂ ಸರಿಸಮ.

ಮೊದಲ ರೌಂಡಲ್ಲಿ ಹಳೇ ಅಭ್ಯಾಸದಂಗೇ ಎಗರಿ ಎಗರಿ ಒದ್ದೆ. ಅವನು ಬರೀ ತಡೀತಾ ಕೂತ.

"ಹೊಡಿಯೋ ಲೇ, ಕೈಗೆ ಲಕ್ವ ಹೊಡೆದೈತಾ?"

"ನೀನು ಹೊಡಿ ಅಣ್ಣಾ, ನಾನು ನೋಡ್ಕೋತಿದೀನಿ."

ಆ ರೌಂಡ್ ನಾನೇ ಗೆದ್ದು ಕೇಕೆ ಹಾಕ್ದೆ.

ಎರಡನೇ ರೌಂಡಲ್ಲಿ ನಾನು ಎಗರಿದಲ್ಲೆಲ್ಲಾ ಅವನ ಗುದ್ದು ಮೊದಲೇ ಬಂದು ಕಾಯ್ತಿತ್ತು. ಮೂರನೇದೂ ಅಂಗೇ ಹೋಯ್ತು.

"ಏಳಣ್ಣಾ," ಅಂದ ಮೆತ್ತಗೆ.

ಆ ರೂಲ್ಸ್ ಮಾಡಿದ್ದು ನಾನೇ. ಅಂಗಡೀನೂ ನಂದೇ. ಈ ಪೋಸ್ಟ್ ಮಾತ್ರ ನಿಂತ್ಕೊಂಡು ಹಾಕ್ತಿದೀನಿ.