ಮುಂಗೈ ಮೇಲಿನ ನಾಲ್ಕು ಚುಕ್ಕೆ

ಟಣ್... ಟಣ್... ಆ ಸದ್ದು ಇವತ್ತಿಗೂ ನನ್ನ ಕಿವಿಯೊಳಗೆ ಎಲ್ಲೋ ತೂಗಾಡುತ್ತಲೇ ಇದೆ. ಶಹಾಬಾದಿನ ನಮ್ಮ ಪುಟ್ಟ ಚರ್ಚಿಗೆ ಗಂಟೆ ಇರಲಿಲ್ಲ. ಬೇವಿನ ಮರದ ಕೊಂಬೆಗೆ ರೈಲು ಹಳಿಯ ಒಂದು ತುಂಡು ತೂಗುಹಾಕಿದ್ದರು, ಅದೇ ನಮ್ಮ ಬೆಲ್. ಭಾನುವಾರ ಬೆಳಿಗ್ಗೆ ನಮ್ಮ ಪಕ್ಕದ ಮನೆಯಾಕೆ ಬಂದು ಕಬ್ಬಿಣದ ಸಲಾಕೆಯಿಂದ ಅದನ್ನು ಬಾರಿಸುತ್ತಿದ್ದಳು. ಎತ್ತಿದ ಕೈಯಿಂದ ಸೆರಗು ಜಾರಿದಾಗ ಮುಂಗೈ ಮೇಲಿನ ಹಚ್ಚೆ ಕಾಣುತ್ತಿತ್ತು. ಒಂದನ್ನೊಂದು ಅಡ್ಡ ಹಾಯ್ದ ಎರಡು ಗೆರೆ, ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ. ಕಪ್ಪೂ ಅಲ್ಲ ಹಸಿರೂ ಅಲ್ಲ ಅನ್ನುವ ಬಣ್ಣ.

ಎಲ್ಲರೂ ಆಕೆಯನ್ನು ಗಂಟಿ ಅವ್ವ ಅನ್ನುತ್ತಿದ್ದರು. ಬಾರಿಸುವುದಕ್ಕಿಂತ ನನಗೆ ವಿಚಿತ್ರ ಅನಿಸುತ್ತಿದ್ದದ್ದು ಆಮೇಲಿನ ಕೆಲಸ. ಹಳಿ ಇನ್ನೂ ಗುಂಯ್ ಅನ್ನುತ್ತಿರುವಾಗ ಎರಡೂ ಅಂಗೈಯಿಂದ ಅದನ್ನು ಹಿಡಿದು, ಸದ್ದು ಪೂರ್ತಿ ಮಲಗುವ ತನಕ ಸುಮ್ಮನೆ ನಿಂತಿರುತ್ತಿದ್ದಳು. ಯಾಕವ್ವ ಅಂತ ಕೇಳಿದರೆ, "ಎಬ್ಬಿಸಿದಾಕಿನೇ ಮಲಗಸಬೇಕಲ್ಲ ಬೇಟಾ" ಅನ್ನುತ್ತಿದ್ದಳು.

ನನ್ನ ತಂದೆ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಕ್ಲಾರ್ಕ್. ನನ್ನನ್ನು ಹೈದರಾಬಾದಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ರಜೆಗೆ ಬಂದರೆ ಗಂಟಿ ಅವ್ವ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು: "ಬಂದಳ್ರೀ ನಮ್ಮ ಮಡಮ್ಮು! ಏನವಾ, ಇಂಗ್ಲಿಷ್‌ನಾಗ ಹಸಿವಿ ಆಗ್ಯಾದೋ, ಕನ್ನಡದಾಗೋ?" ಕನ್ನಡದಾಗ ಅಂದರೆ ಬಿಸಿ ರೊಟ್ಟಿ, ಖಾರಬ್ಯಾಳಿ. ಇಂಗ್ಲಿಷ್‌ನಾಗ ಅಂದರೂ ಅದೇ ರೊಟ್ಟಿ, ಆದರೆ ನಾನು ಮೊದಲು ಥ್ಯಾಂಕ್ಯೂ ಅನ್ನಬೇಕು.

ಆಕೆಯ ಗಂಡ ಪರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ, ಚರ್ಚಿನ ಕಡೆ ತಲೆ ಹಾಕಿದವನಲ್ಲ. ಆಕೆ ಮಾತ್ರ ವರ್ಷಗಟ್ಟಲೆ ಬರುತ್ತಿದ್ದಳು. ಎಷ್ಟೋ ಕಾಲಕ್ಕೆ ಹುಟ್ಟಿದ ಒಂದೇ ಒಂದು ಹೆಣ್ಣು ಕೂಸು ಜ್ವರ ಬಂದು ಹೋಗಿತ್ತು. ಆಗಿದ್ದ ಮುದಿ ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಕನಿಕರಪಟ್ಟು ಚರ್ಚಿನ ಸ್ಮಶಾನದ ಮೂಲೆಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದರು. ಆ ಮೂಲೆಯಲ್ಲೇ, ಕೂಸಿನ ಮಗ್ಗುಲಲ್ಲೇ ತಾನೂ ಮಲಗಬೇಕು ಅನ್ನುವುದು ಆಕೆಯ ಆಸೆ. ಆದರೆ ದೀಕ್ಷಾಸ್ನಾನ ಆದವರಿಗೆ ಮಾತ್ರ ಅಲ್ಲಿ ಜಾಗ. ಆಕೆಗಿನ್ನೂ ಆಗಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ಊರು ಒಂದಿಷ್ಟು ಉಸಿರಾಡತೊಡಗಿದ ಮೇಲೆ ಹೊಸ ಅಯ್ಯನವರು ಬಂದರು. ಹರೆಯದವರು, ಭಾಳ ಓದಿದವರು, ಭಾಳ ಸ್ಟ್ರಿಕ್ಟು. ಈಸ್ಟರಿಗೆ ದೀಕ್ಷಾಸ್ನಾನ ತಗೊಳ್ಳುವವರನ್ನು ಬೇವಿನ ಮರದ ಕೆಳಗೆ ಕೂಡಿಸಿ ಪಾಠ ಹೇಳುತ್ತಿದ್ದರು. ನಾನು ರಜೆಯಲ್ಲಿದ್ದೆ, ಗಂಟಿ ಅವ್ವನ ಮಗ್ಗುಲಲ್ಲಿ ಕೂತಿರುತ್ತಿದ್ದೆ. ಒಂದು ದಿನ ಹಚ್ಚೆಯ ಮಾತು ಬಂತು.

"ಸತ್ತವರ ಸಲುವಾಗಿ ಮೈ ಕೊಯ್ಕೊಳ್ಳೂದು, ಹಚ್ಚಿ ಚುಚ್ಚಿಸಿಕೊಳ್ಳೂದು ಬ್ಯಾಡ ಅಂತ ಹಳೇ ಧರ್ಮಶಾಸ್ತ್ರದಾಗ ದೇವರು ಹೇಳ್ಯಾನ" ಅಂದರು ಅಯ್ಯನವರು.

ಹೆಂಗಸರು ಒಬ್ಬರ ಕೈ ಒಬ್ಬರು ನೋಡಿಕೊಂಡರು. ಹಚ್ಚೆ ಇಲ್ಲದ ಕೈ ಒಂದೂ ಇರಲಿಲ್ಲ. ಚಿತ್ತಾಪುರದ ಕಡೆಯ ಮುದುಕಿಯೊಬ್ಬಳು ಎದ್ದು, "ಅಯ್ಯನವರ, ಹಂಗಾದ್ರ ತೊಗಲು ಸುಲಿದು ಹೊರಗ ಗೂಟಕ್ಕ ಹಾಕಿ ಒಳಗ ಬರಬೇಕೇನ್ರಿ?" ಅಂದಳು. ನಗು ಬಿತ್ತು. ಅಯ್ಯನವರೂ ನಕ್ಕರು.

"ಬ್ಯಾಡವಾ, ಕುಂದ್ರು. ದೇವರ ಮಾತು ಕಿವಿಗೆ ಬೀಳೂಕಿಂತ ಮೊದಲ ಹಾಕಿಸಿಕೊಂಡಿದ್ದಕ್ಕ ತಪ್ಪಿಲ್ಲ. ಕೇಳಿದ ಮ್ಯಾಲೂ ಹಾಕಿಸಿಕೊಂಡ್ರ ಅದು ಪಾಪ."

ಎಲ್ಲರ ಎದೆಯ ಭಾರ ಇಳಿಯಿತು. ಅಷ್ಟರಲ್ಲಿ ಅಯ್ಯನವರ ಕಣ್ಣು ಗಂಟಿ ಅವ್ವನ ಮುಂಗೈ ಮೇಲೆ ಬಿತ್ತು. "ಅವ್ವಾ, ಇದು ಶಿಲುಬಿ ಅಲ್ಲೇನು! ನೋಡ್ರಿ, ನಾವು ಬರೂಕಿಂತ ಮೊದಲೇ ಕರ್ತ ತನ್ನ ಗುರುತು ಹಾಕಿಟ್ಟಾನ. ಈಸ್ಟರ್ ದಿನ ಎಲ್ಲರಿಗೂ ತೋರಸ್ರಿ." ಹಾಗನ್ನುವಾಗ ಆ ಸ್ಟ್ರಿಕ್ಟ್ ಮನುಷ್ಯನ ಕಣ್ಣು ತುಂಬಿತ್ತು. ಗಂಟಿ ಅವ್ವ ಬಾಯಿ ತೆರೆದಳು. ಆದರೆ ಆಕೆಯ ಉತ್ತರಕ್ಕೆ ಯಾರೂ ಕಾಯಲಿಲ್ಲ, ಹೆಂಗಸರು ಆಗಲೇ ಆ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ನನಗೋ ಆ ಕ್ರಾಸ್ ಬೇಕೇ ಬೇಕು. "ಕಾನ್ವೆಂಟಿನ ಹುಡುಗಿ ಹಚ್ಚಿ ಹಾಕ್ಸ್ಕೋತಾಳೇನು?" ಅಂತ ಅಮ್ಮ ಬೆನ್ನಿಗೆ ಒಂದು ಬಿಟ್ಟಳು. ನಾನು ಪಕ್ಕದ ಮನೆಗೆ ಓಡಿದೆ. ಗಂಟಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಅವ್ವಾ, ನಂಗೂ ನಿನ್ನಂಥ ಕ್ರಾಸ್ ಹಾಕಿಸು" ಅಂದೆ. ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿದರೂ ಆಕೆ ನೋಡಲಿಲ್ಲ.

"ಇದು ನಿನಗ ಬ್ಯಾಡ ಬೇಟಾ. ಯಾರಿಗೂ ಬ್ಯಾಡ."

ಈಸ್ಟರ್ ಬಂತು. ಹಿತ್ತಾಳೆ ಬೋಗುಣಿಯಲ್ಲಿ ನೀರಿಟ್ಟಿದ್ದರು. ಅಯ್ಯನವರು ಮೊದಲು ಗಂಟಿ ಅವ್ವನನ್ನೇ ಕರೆದು, "ಕೈ ಎತ್ತಿ ತೋರಸ್ರಿ ಅವ್ವಾ" ಅಂದರು. ಆಕೆ ಕೈ ಎತ್ತಿದಳು. ಜನ ಹಾ ಅಂದರು. ಕೈ ಇಳಿಸದೆಯೇ ಆಕೆ ಹೇಳಿದಳು:

"ಇದು ಶಿಲುಬಿ ಅಲ್ರಿ ಅಯ್ಯನವರ. ತೊಟ್ಟಲಾ. ನಡುವಿನ ಗೆರಿ ಎರಡೂ ತೂಗ ಹಾಕೂ ಕಟಗಿ, ಈ ನಾಲ್ಕು ಚುಕ್ಕಿ ತೊಟ್ಟಲದ ಮೂಲಿ. ನನ್ನ ಕೂಸಿಗೆ ಮಣ್ಣು ಕೊಟ್ಟ ಮ್ಯಾಲ ಚಿತ್ತಾಪುರದ ಸಂತಿಗೆ ಹೋಗಿ ಹಾಕಿಸಿಕೊಂಡು ಬಂದೀನ್ರಿ. ಆವಾಗ ನಾ ಈ ಗುಡಿಗೆ ಬರಲಿಕತ್ತು ಭಾಳ ದಿನ ಆಗಿತ್ತು. ದೇವರ ಮಾತು ಕೇಳಿದ ಮ್ಯಾಲಿಂದೇ ಅದ ಇದು. ಸತ್ತವರ ಸಲುವಾಗೇ ಅದ."

ಅಯ್ಯನವರು ಮೆಲ್ಲಗೆ, "ಯಾಕವ್ವಾ ಹಾಕಿಸಿಕೊಂಡ್ರಿ?" ಅಂದರು.

"ಸತ್ತಾಗ ಮೂಗಬಟ್ಟು, ಬಳಿ ಎಲ್ಲಾ ಬಿಚ್ಚಿಕೋತಾರ್ರಿ. ಹಚ್ಚಿ ಒಂದೇ ಸಂಗಾಟ ಬರ್ತದಂತ ನಮ್ಮ ಕಡಿ ಅಂತಾರ. ನಾ ಅಲ್ಲಿಗಿ ಹೋದಾಗ ಕೂಸಿಗಿ ತೊಟ್ಟಲಾ ಬೇಕಲ್ರೀ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಟಿ ಅವ್ವ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಶಿಲುಬೆ ಅಂದವರು ಬೇರೆಯವರು, ಆಕೆ ಒಂದು ಸುಳ್ಳೂ ಹೇಳಬೇಕಿರಲಿಲ್ಲ. ನೀರು ತಲೆ ಮೇಲೆ ಬೀಳುತ್ತಿತ್ತು, ಕೂಸಿನ ಮಗ್ಗುಲ ಜಾಗ ಸಿಗುತ್ತಿತ್ತು. ಗೇಣಷ್ಟು ದೂರದಲ್ಲಿದ್ದ ಬೋಗುಣಿಯನ್ನು ನೋಡುತ್ತ ಆಕೆ ಅಷ್ಟನ್ನೂ ಕೈಯಾರೆ ಬಿಟ್ಟುಕೊಟ್ಟಳು. ನಾನು ಆಮೇಲೆ ಎಷ್ಟೋ ಸರ್ಮನ್ ಕೇಳಿದ್ದೇನೆ, ಎಷ್ಟೋ ಕ್ಯಾಥೆಡ್ರಲ್ ನೋಡಿದ್ದೇನೆ. ಆ ಎತ್ತಿದ ಕೈಯ ಮುಂದೆ ಆದಂತೆ ನನ್ನ ಮೈ ಇನ್ನೆಲ್ಲೂ ಜುಮ್ಮೆಂದಿಲ್ಲ.

ಅಯ್ಯನವರ ಮುಖ ಬಿಳಿಚಿತ್ತು. "ಇವತ್ತ ಬ್ಯಾಡವ್ವಾ" ಅಂದರು.

"ಆಗಲ್ರಿ" ಅಂದು ಆಕೆ ಬಾಗಿಲ ಹತ್ತಿರದ ಚಾಪೆಗೆ ಹೋಗಿ ಕೂತಳು. ಆರಾಧನೆ ಮುಗಿದಾಗ ಎಂದಿನಂತೆ ಹಳಿ ಬಾರಿಸಿದಳು, ಎಂದಿನಂತೆ ಅದನ್ನು ಹಿಡಿದು ಮಲಗಿಸಿದಳು. ಆಗ ನನಗೆ ಆ ಹಿಡಿಯುವ ಕೈ ಅರ್ಥವಾಯಿತು.

ಬೋರ್ಡಿಂಗಿಗೆ ಮರಳಿದ ಮೇಲೆ ನಮ್ಮ ಕ್ಲಾಸ್ ಸಿಸ್ಟರನ್ನು ಕೇಳಿದೆ, "ಸಿಸ್ಟರ್, ಈಸ್ ಟ್ಯಾಟೂ ಎ ಸಿನ್?" ಅಂತ. ಅವರು ಹೊಲಿಯುತ್ತಿದ್ದ ಬಟ್ಟೆ ಕೆಳಗಿಟ್ಟು ಎಲ್ಲಾ ಕೇಳಿಸಿಕೊಂಡರು. ಅದು ಹಳೆಯ ಧರ್ಮಶಾಸ್ತ್ರ, ಅನ್ಯಜನರ ಸಾವಿನ ಪದ್ಧತಿ ಬೇಡ ಅಂತ ಕೊಟ್ಟದ್ದು, ನಾವು ಇರುವುದು ಕೃಪೆಯ ಕೆಳಗೆ ಅಂದರು. ಹಾಗಂತ ದೇಹ ದೇವರ ಆಲಯ, ಮನಸ್ಸಿಗೆ ಬಂದಂತೆ ಗೀಚುವ ಗೋಡೆಯೂ ಅಲ್ಲ ಅಂದರು. ಆಮೇಲೆ ಹೊಲಿಗೆ ಕೈಗೆತ್ತಿಕೊಂಡು, "ಐ ಡೋಂಟ್ ನೋ, ಚೈಲ್ಡ್. ಬಟ್ ಐ ವುಡ್ ಲೈಕ್ ಟು ಮೀಟ್ ಹರ್" ಅಂದರು. ಸಿಸ್ಟರೊಬ್ಬರು ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕ್ರಿಸ್ಮಸ್ಸಿಗೆ ಬಂದಾಗಲೂ ಗಂಟಿ ಅವ್ವ ಬಾಗಿಲ ಚಾಪೆಯಲ್ಲೇ ಇದ್ದಳು. ಅವತ್ತು ಒಂದೆರಡು ಎಳೆಕೂಸುಗಳ ದೀಕ್ಷಾಸ್ನಾನ ಇತ್ತು. ಅದು ಮುಗಿದ ಮೇಲೆ ಅಯ್ಯನವರು ಬೋಗುಣಿ ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ಜನರ ನಡುವೆ ನಡೆದು ಬಾಗಿಲ ತನಕ ಬಂದರು. ಸಭೆಯ ಹಿರಿಯರೊಬ್ಬರು ಎದ್ದೇ ಬಿಟ್ಟರು: "ಅಯ್ಯನವರ, ಪಾಪ ಅಂತ ಅಂದವರು ನೀವೇ!"

"ಅಂದೀನ್ರಿ. ಅವತ್ತಿಂದ ಓದಲಿಕತ್ತೀನಿ. ಇನ್ನಾ ಪೂರಾ ತಿಳಿದಿಲ್ಲ. ನೀರು ಮಾತ್ರ ನನ್ನ ಕೈಯಾಗ ಅದ. ಇದು ಗಲತ್ ಆದ್ರ ಕರ್ತಗ ನಾ ಜವಾಬ ಕೊಡ್ತೀನಿ." ಆಮೇಲೆ ಅವರು ಪರಸಿ ನೆಲದ ಮೇಲೆ ಮೊಣಕಾಲೂರಿದರು. "ತಲಿ ಬಾಗಸ್ರಿ ಅವ್ವಾ."

ಮೂರು ಸಲ ತಲೆಯ ಮೇಲೆ ಹೊಯ್ದ ನೀರು ಕೆನ್ನೆಗಿಳಿದು, ಮಡಿಲಲ್ಲಿ ಮಡಚಿಟ್ಟಿದ್ದ ಕೈ ಮೇಲೆ, ಆ ನಾಲ್ಕು ಚುಕ್ಕೆಗಳ ಮೇಲೆ ಹನಿಯಿತು. ಆಕೆ ಒರೆಸಿಕೊಳ್ಳಲಿಲ್ಲ.

ಈಗ ನನ್ನ ತಂಗಿಯ ಮೊಮ್ಮಗಳು ಮೊಬೈಲಿನಲ್ಲಿ ಟ್ಯಾಟೂ ಡಿಸೈನ್ ತೋರಿಸಿ, "ಗ್ರ್ಯಾನಿ, ಕ್ರಿಶ್ಚಿಯನ್ಸ್‌ಗೆ ಇದು ಅಲೌಡಾ?" ಅನ್ನುತ್ತಾಳೆ. ಸಿಸ್ಟರ್ ಹೇಳಿದ ಎರಡೂ ಮಾತು ಹೇಳುತ್ತೇನೆ. ಆಮೇಲೆ, "ಯಾಕೆ ಬೇಕು ಅಂತ ಎಲ್ಲರ ಮುಂದೆ ಕೈ ಎತ್ತಿ ಹೇಳೋಕಾಗುತ್ತಾ ನೋಡು" ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಗಂಟಿ ಅವ್ವನನ್ನು ಕೊನೆಯ ಸಲ ನೋಡಿದ್ದು ಹೈದರಾಬಾದ್ ರಾಜ್ಯ ಒಡೆದು ನಮ್ಮ ಕಡೆ ಮೈಸೂರಿಗೆ ಸೇರಲಿದೆ ಅಂತ ಊರೆಲ್ಲ ಮಾತಾಡುತ್ತಿದ್ದ ದಿನಗಳಲ್ಲಿ. ರಜೆಗೆ ಬಂದಿಳಿದವಳಿಗೆ ಕಟ್ಟೆಯಿಂದ ಕೂಗು ಕೇಳಿಸಲಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಹೆಂಗಸರು ಮೂಗಬಟ್ಟು ತೆಗೆದಿದ್ದರು, ಬಳೆ ತೆಗೆದಿದ್ದರು. ಚರ್ಚಿನ ಸ್ಮಶಾನದ ಮೂಲೆಯಲ್ಲಿ ಆಗಲೇ ಅಗೆಯುತ್ತಿದ್ದರು. ಹಳಿ ಬಾರಿಸಲು ಹೊರಗೆ ಬೇರೆ ಯಾರೋ ಹೋಗಿದ್ದರು, ಬಾರಿಸಿ ಹಾಗೇ ಬಿಟ್ಟುಬಂದರು. ಅದು ಬಹಳ ಹೊತ್ತು ಗುಂಯ್ ಅನ್ನುತ್ತಲೇ ಇತ್ತು.

ಎದೆಯ ಮೇಲೆ ಮಡಚಿದ ಕೈಯಲ್ಲಿ ಏನೂ ಉಳಿದಿರಲಿಲ್ಲ, ತೊಟ್ಟಿಲೊಂದನ್ನು ಬಿಟ್ಟು.