ಕಿವಿ ಮಾಲಿಂಗ ಮತ್ತು ವಕೀಲರ ಟರ್ಬೊ ಗಾಡಿ

ಜಮಖಂಡಿಯಿಂದ ಮುಧೋಳದ ಕಡೆ ಹೊರಟರೆ, ಊರು ಮುಗಿಯಿತು ಅನ್ನುವಷ್ಟರಲ್ಲಿ ಬೇವಿನ ಗಿಡದ ಕೆಳಗೆ ಮಹಾಲಿಂಗನ ಗ್ಯಾರೇಜು ಸಿಗುತ್ತದೆ. ಬೋರ್ಡಿನ ಮೇಲೆ ದೇವರ ಹೆಸರಿದೆ. ಅದನ್ನು ಓದಿಕೊಂಡು ಬಂದವರನ್ನು ಮಾತ್ರ ಯಾರೂ ಕಂಡಿಲ್ಲ. ಸುತ್ತಮುತ್ತಲಿನ ಟ್ರ್ಯಾಕ್ಟರು, ಲಾರಿಯವರಿಗೆಲ್ಲ ಅವನು ಕಿವಿ ಮಾಲಿಂಗ. ಅವನ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇದೆ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಕಟ್ಟಿಗೆಯ ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತನೆಂದರೆ ಒಳಗಿನ ರೋಗ ಹೊರಗೆ ಬಂತೆಂದೇ ತಿಳಿಯಬೇಕು. ಒಮ್ಮೆ ತುಬಚಿಯ ಶಿದ್ರಾಮಪ್ಪ ಹೊಲದಿಂದ ಫೋನ್ ಮಾಡಿದಾಗ, ಮೊಬೈಲನ್ನು ಪಂಪಿನ ಪಕ್ಕ ಹಿಡಿಯಲು ಹೇಳಿ, ಬೇರಿಂಗ್ ಹೋಗಿದೆಯೆಂದು ಇಲ್ಲಿ ಕೂತೇ ಹೇಳಿದ್ದ. ಬಿಚ್ಚಿ ನೋಡಿದರೆ ಬೇರಿಂಗೇ. ಆ ಕಥೆಯನ್ನು ಶಿದ್ರಾಮಪ್ಪನಿಗಿಂತ ಹೆಚ್ಚು ಸಲ ಹೇಳಿದವನು ಮಹಾಲಿಂಗನೇ, ಅದು ಬೇರೆ ಮಾತು.

ಗ್ಯಾರೇಜಿನ ಹಿಂದೆಯೇ ಮನೆ. ನಡುವಿನ ಬಾಗಿಲಲ್ಲಿ ಅವನ ಹೆಂಡತಿ ಶೇವಂತಿ ಹೊಲಿಗೆ ಮಷಿನ್ ಇಟ್ಟುಕೊಂಡು ಸೀರೆಗೆ ಫಾಲು ಹಚ್ಚುತ್ತ ಕೂರುತ್ತಾಳೆ. ಅವಳು ಬನಹಟ್ಟಿಯ ನೇಕಾರರ ಮಗಳು, ಮದುವೆಗೆ ಮೊದಲು ಎಂಟು ವರ್ಷ ಪವರ್‌ಲೂಮಿನಲ್ಲಿ ದುಡಿದವಳು. ಮಗ್ಗಗಳ ಆ ಖಟಪಟದಲ್ಲಿ ಕೂಗಿದರೂ ಪಕ್ಕದವರಿಗೆ ಕೇಳುವುದಿಲ್ಲ. ಅಲ್ಲಿ ತುಟಿಯಿಂದ, ಕೈಯಿಂದಲೇ ಮಾತು. ಆ ರೂಢಿ ಅವಳಿಗೆ ಹೋಗಿಲ್ಲವೆಂದು ಮಹಾಲಿಂಗ ನಂಬಿದ್ದ. ಈಚೆಗಂತೂ ಏನು ಹೇಳುವುದಿದ್ದರೂ ಎದುರಿಗೆ ಬಂದು ನಿಂತು, ತುಟಿ ಅಗಲ ಮಾಡಿ ಹೇಳುತ್ತಿದ್ದಳು. ಗಿರಾಕಿ ಮಾತಾಡಿದರೆ ನಡುವೆ ಬಾಯಿ ಹಾಕುತ್ತಿದ್ದಳು. "ರೀ, ಕ್ಲಚ್ ಜಾರಾಕತ್ತೈತಿ ಅಂತಾರ ನೋಡ್ರಿ" ಎಂದು, ಅವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದಳು.

"ನಿನಗ್ಯಾಕ ಗ್ಯಾರೇಜಿನ ಉಸಾಬರಿ? ನಿನ್ನ ಫಾಲು ನೀ ಹಚ್ಚು" ಎಂದು ಅವನು ಗದರುತ್ತಿದ್ದ. ಅವಳು ನಕ್ಕು ಮತ್ತೆ ಹೊಲಿಗೆಗೆ ಬಗ್ಗುತ್ತಿದ್ದಳು. ನಾಲ್ಕು ಗಿರಾಕಿಗಳ ನಂತರ ಮತ್ತೆ ಅದೇ.

ಇನ್ನೊಂದು ಸಣ್ಣ ಸಂಗತಿ. ಬೇವಿನ ಗಿಡದಲ್ಲಿ ಗುಬ್ಬಿಗಳ ಸದ್ದು ನಿಂತುಹೋಗಿತ್ತು. ಎಲ್ಲ ಮೊಬೈಲ್ ಟವರಿನ ಕಿತಾಪತಿ ಎಂದು ಮಹಾಲಿಂಗ ಬಂದವರ ಮುಂದೆಲ್ಲ ಭಾಷಣ ಮಾಡುತ್ತಿದ್ದ.

ಆ ಶನಿವಾರ, ಶೇವಂತಿ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ, ಹರ್ಷದಾ ತನ್ನ ತಂದೆಯ ಕೆಂಪು ಗಾಡಿ ತಂದಳು. ತಂದೆ ಅನಂತರಾಯರು ಜಮಖಂಡಿಯಲ್ಲಿ ವಕೀಲರಾಗಿದ್ದವರು, ಹೋದ ವರ್ಷ ತೀರಿಕೊಂಡರು. ಕೋರ್ಟಿಗೆ ಕರೀ ಕೋಟು ಹಾಕಿಕೊಂಡು, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಎರಡೇ ಬಾಗಿಲಿನ ಆ ಜಪಾನಿ ಗಾಡಿಯಲ್ಲಿ ಹೋಗುತ್ತಿದ್ದ ಖಯಾಲಿ ಮನುಷ್ಯ. ಪುಣೆಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು, ಈಗ ಅದಕ್ಕೆ ಇಪ್ಪತ್ತೈದು ವರ್ಷ. ಹರ್ಷದಾಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದೂ ಅದರಲ್ಲೇ. ಅವಳು ಮುಧೋಳದ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ದಿನಾ ಅದೇ ಗಾಡಿಯಲ್ಲಿ ಹೋಗಿ ಬರುತ್ತಾಳೆ.

"ಮಾಲಿಂಗ ಕಾಕಾ, ಮೊದಲಿನ ಎಳೆತಾನೇ ಇಲ್ಲ. ಏರು ಬಂದ್ರ ಉಸಿರು ಕಟ್ಟಿದಂಗ ಮಾಡ್ತದ. ಎಕ್ಸಿಲೇಟರ್ ಒತ್ತಿದ್ರ ಹಿಂದ ಕರೀ ಹೊಗಿ."

ಟರ್ಬೊ ಎಂದರೆ ಮಹಾಲಿಂಗನಿಗೆ ಹೊಸದೇನಲ್ಲ, ಕಬ್ಬಿನ ಲಾರಿಗಳಲ್ಲೆಲ್ಲ ಇರುವಂಥದೇ. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಸಣ್ಣ ಚಕ್ರ ತಿರುಗುತ್ತದೆ, ಆ ಚಕ್ರ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ತಿರುಗುವಾಗ ಸಣ್ಣಗೆ ಸೀಟಿ ಹೊಡೆಯುತ್ತದೆ. ಈ ಗಾಡಿಯ ಸೀಟಿಯಂತೂ ಅವನಿಗೆ ಬಾಯಿಪಾಠ. ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಹಚ್ಚಿ, ಕಣ್ಣು ಮುಚ್ಚಿ, "ಒತ್ರಿ ಅಕ್ಕಾರ" ಎಂದ. ಇಂಜಿನ್ ಗುಡುಗಿತು. ಸೀಟಿ ಬರಲಿಲ್ಲ. ಮತ್ತೊಮ್ಮೆ ಒತ್ತಿಸಿದ. ಇಲ್ಲ.

"ಟರ್ಬೊ ಸತ್ತೈತ್ರಿ" ಎಂದ. "ಇಷ್ಟು ಹಳೇದಕ್ಕ ಇನ್ನ ಎಲ್ಲಿ ಸಿಗಬೇಕು? ಇದರ ಆಸೆ ಬಿಡ್ರಿ."

ಪೈಪು ಬಿಚ್ಚಿ, ಬೆರಳು ಹಾಕಿ ಆ ಚಕ್ರ ಮುಟ್ಟಿ ನೋಡಬಹುದಿತ್ತು. ಬೇರೆ ಯಾವ ಮೆಕ್ಯಾನಿಕ್ಕಾದರೂ ಅದನ್ನೇ ಮಾಡುತ್ತಿದ್ದ. ಆದರೆ ಕಿವಿ ಮಾಲಿಂಗ ಯಾಕೆ ಬಿಚ್ಚಬೇಕು? ಬಿಚ್ಚಿ ನೋಡುವುದು ಕಿವಿ ಇಲ್ಲದವರ ಕೆಲಸವೆಂದು ಮೂವತ್ತು ವರ್ಷ ಹೇಳಿಕೊಂಡು ಬಂದವನು.

ಹರ್ಷದಾ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಪುಣೆಯ ಒಬ್ಬ ವ್ಯಾಪಾರಿ ಬಿಡಿಭಾಗಗಳಿಗಾಗಿ ಈ ಗಾಡಿಯನ್ನು ಕೇಳುತ್ತಲೇ ಇದ್ದ. "ನೀವೇ ಹಂಗಂದ ಮ್ಯಾಲೆ ಇನ್ಯಾರನ್ನ ಕೇಳ್ಲಿ ಕಾಕಾ? ಸೋಮವಾರ ಬಂದು ಒಯ್ಯಿ ಅಂತ ಅವಗ ಹೇಳ್ತೇನಿ" ಎಂದಳು. ಆ ಮಾತಿನಲ್ಲಿದ್ದ ನಂಬಿಕೆ ಮಹಾಲಿಂಗನಿಗೆ ಹಿತವೆನಿಸಿತು. ಅದನ್ನು ನೆನೆದು ಆಮೇಲೆ ಅವನು ಬಹಳ ನಾಚಿಕೊಂಡ.

ರವಿವಾರ ಮುಂಜಾನೆ, ಗ್ಯಾರೇಜಿನಲ್ಲೇ ಬಿಟ್ಟುಹೋಗಿದ್ದ ಗಾಡಿಯಿಂದ ತಂದೆಯ ಸಾಮಾನು ತೆಗೆದುಕೊಳ್ಳಲು ಅವಳು ಬಂದಳು. ಓದುವಾಗ ಹಾಕಿಕೊಳ್ಳುವ ಒಂದು ಚಾಳೀಸು, ಹಳೆಯ ಕ್ಯಾಸೆಟ್ಟುಗಳು, ಅಡಿಕೆಯ ಡಬ್ಬಿ. ಎಲ್ಲ ಚೀಲಕ್ಕೆ ತುಂಬಿ, "ಒಮ್ಮೆ ಸುರು ಮಾಡ್ಲೇನು ಕಾಕಾ?" ಎಂದು ಕೇಳಿ ಕೂತು ಒತ್ತಿದಳು. ತಟ್ಟನೆ ಕಾಲು ತೆಗೆದಳು. ಮತ್ತೆ ಒತ್ತಿದಳು.

"ಕಾಕಾ, ಸೀಟಿ ಹೊಡೀಲಿಕ್ಕತ್ತದಲ್ಲ! ಸತ್ತದ್ದು ಸೀಟಿ ಹೊಡೀತದೇನು?"

"ಎಲ್ಲಿ ಸೀಟಿ?"

"ಈಗ! ಈಗ ಕೇಳ್ರಿ!"

ಮಹಾಲಿಂಗ ಬಗ್ಗಿದ. ಗುಡುಗು ಕೇಳಿತು, ಅಷ್ಟೇ. ತಲೆಯೆತ್ತಿ ನೋಡಿದರೆ ಹೊಲಿಗೆ ಮಷಿನ್ ನಿಂತಿತ್ತು. ಶೇವಂತಿ ಅವನನ್ನೇ ನೋಡುತ್ತಿದ್ದಳು. ಅವಳು ಮೆಲ್ಲಗೆ ತಲೆಯಾಡಿಸಿದಳು, ಸೀಟಿ ಇದೆ ಎಂದು.

ಮಹಾಲಿಂಗ ಗಾಡಿಯಿಂದ ಹಿಂದೆ ಸರಿದ. "ಅಕ್ಕಾರ, ಸಂಜಿಮುಂದ ಬರ್ರಿ" ಎಂದಷ್ಟೇ ಹೇಳಿ ಬೇವಿನ ಗಿಡದ ಕೆಳಗೆ ಹೋಗಿ ಕೂತ. ಎಷ್ಟೋ ದಿನಗಳ ಮೇಲೆ ತಲೆಯೆತ್ತಿ ಗಿಡ ನೋಡಿದ. ಕೊಂಬೆಯ ಮೇಲೆ ಏಳೆಂಟು ಗುಬ್ಬಿಗಳಿದ್ದವು. ಎಲ್ಲವೂ ಕೊಕ್ಕು ತೆರೆದು ಮುಚ್ಚಿ ಮಾಡುತ್ತಿದ್ದವು.

ಶೇವಂತಿ ನೀರು ತಂದಳು. ಎದುರಿಗೆ ಕೂತಳು.

"ಯಾವಾಗಿಂದ ಗೊತ್ತೈತಿ ನಿನಗ?"

"ಎರಡು ವರ್ಷ ಆತ್ರಿ. ಕುಕ್ಕರ್ ಸೀಟಿ ಎಣಿಸಂತ ಹೇಳಿ ನಾ ಸಂತಿಗಿ ಹೋಗಿದ್ದೆ, ನೆನಪೈತೇನು? ಬ್ಯಾಳಿ ಹೊತ್ತಿ ಕರಕಾಗಿತ್ತು, ನೀವು ಅಲ್ಲೇ ಬಾಜೂಕ ಪೇಪರ್ ಓದಾಕತ್ತಿದ್ರಿ."

"ಎರಡು ವರ್ಷ! ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ? ಎಷ್ಟು ಮಂದಿ ಗಾಡಿ ಹಾಳು ಮಾಡೇನೋ ಏನೋ!" ಅವನು ಕೂಗಿಯೇಬಿಟ್ಟ.

"ಒಂದೂ ಮಾಡಿಲ್ಲ. ನಾ ಬಾಗಲದಾಗ ಸುಮ್ಮನ ಕುಂತಿದ್ನೇನು?" ಅವಳ ದನಿಯೂ ಏರಿತು, ಆಮೇಲೆ ಇಳಿಯಿತು. "ಹೇಳಿದ್ರ ನೀವು ಮರುದಿನಾನ ಶಟರ್ ಎಳಿತಿದ್ರಿ. ಕಿವಿ ಮಾಲಿಂಗ ಅಂತ ಅನಿಸ್ಕೊಂಡ ಮನಶ್ಯಾ. ಆಮ್ಯಾಲೆ ಮನ್ಯಾಗ ಕುಂತು ಏನ್ ಮಾಡ್ತಿದ್ರಿ? ನನಗ ಅಂಜಿಕಿ ಆತ್ರಿ."

ಗಿರಾಕಿಗಳ ಮಾತನ್ನು ಅವಳು ಯಾಕೆ ಎರಡೆರಡು ಸಲ ಹೇಳುತ್ತಿದ್ದಳು, ಯಾಕೆ ಎದುರಿಗೇ ಬಂದು ನಿಲ್ಲುತ್ತಿದ್ದಳು, ಎಲ್ಲ ಈಗ ಅವನಿಗೆ ತಿಳಿಯಿತು. ಎಷ್ಟು ಸಲ ಗದರಿದ್ದೆ ಎಂದು ನೆನೆದು ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸು ಮೆತ್ತಿಕೊಂಡ.

ಶೇವಂತಿ ಸೆರಗಿನಿಂದ ಒರೆಸಿದಳು. "ನಮ್ಮಪ್ಪಗ ನಲವತ್ತರಾಗ ಕಿವಿ ಹೋತು" ಎಂದಳು. "ಎಪ್ಪತ್ತರ ತನಕ ಮಗ್ಗ ನಡಿಸಿದ. ಮಗ್ಗದ ಮ್ಯಾಲೆ ಅಂಗೈ ಇಡ್ತಿದ್ದ, ನಟ್ಟು ಸಡಲಾಗೈತಿ, ಪಟ್ಟಾ ಜಾರಾಕತ್ತೈತಿ ಅಂತ ಹೇಳ್ತಿದ್ದ. ನಿಮಗೂ ಕೈ ಅದಾವಲ್ಲ? ಏಳ್ರಿ. ಆ ಹುಡುಗಿ ಗಾಡಿ ನಾಳಿ ಮುರಿಯಾಕ ಹೋಗ್ತೈತಿ."

ಅವನು ಎದ್ದ. ಸ್ಕ್ರೂಡ್ರೈವರನ್ನು ಗೂಟಕ್ಕೆ ತೂಗುಹಾಕಿ, ನಟ್ಟು ಬಿಚ್ಚುವ ಪಾನಾ ಹಿಡಿದು, ಕಲಿಯುವ ಹುಡುಗನ ಹಾಗೆ ಮೊದಲಿನಿಂದ ಸುರುಮಾಡಿದ. ಟರ್ಬೊದ ಬಾಯಿಗೆ ಹಚ್ಚಿದ ಪೈಪು ಬಿಚ್ಚಿ, ಬೆರಳು ಹಾಕಿ ಚಕ್ರ ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ಅತ್ತಿತ್ತ ಅಲುಗಿಸಿದ, ಅಲುಗಾಟವಿಲ್ಲ. ಟರ್ಬೊ ಜೀವಂತವಿತ್ತು, ಸಾಯಿಸಿದ್ದು ಇವನ ಬಾಯಿ. ಆಮೇಲೆ ಹೊಗೆಯ ವಿಚಾರ. ಟರ್ಬೊ ಹೋಗಿದ್ದರೆ ಎಣ್ಣೆ ಸುಟ್ಟು ನೀಲಿ ಹೊಗೆ ಬರಬೇಕಿತ್ತು. ಹರ್ಷದಾ ಹೇಳಿದ್ದು ಕರೀ ಹೊಗೆ. ಅಂದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಟರ್ಬೊ ತುಂಬಿದ ಗಾಳಿ ಇಂಜಿನ್ನಿಗೆ ಮುಟ್ಟುವ ಮೊದಲೇ ದಾರಿಯಲ್ಲೆಲ್ಲೋ ಸೋರಿಹೋಗುತ್ತಿದೆ. ಲಾರಿಯವರಿಗೆ ಇದನ್ನೇ ನೂರು ಸಲ ಹೇಳಿದ್ದಾನೆ. ನಿನ್ನೆ ಕಣ್ಣು ಮುಚ್ಚಿಕೊಂಡು ಕೇಳುವ ಸಡಗರದಲ್ಲಿ, ಕಣ್ಣಿಗೆ ಕಂಡದ್ದನ್ನು ಯಾರು ಕೇಳಬೇಕು?

ಸೋರುವಲ್ಲಿ ಬುಸ್ ಎಂದು ಸದ್ದು ಬರುತ್ತದೆ, ಅದೂ ಅವನಿಗೆ ಕೇಳುವಂತಿರಲಿಲ್ಲ. "ಕೇಳದಿದ್ರ ನೋಡೂಣು" ಎಂದು ಶೇವಂತಿ ದೇವರ ಮಾಡದಿಂದ ಲೋಬಾನದ ಪುಡಿ ತಂದಳು. ಮುಚ್ಚಳವಿದ್ದ ಹಳೇ ಆಯಿಲ್ ಡಬ್ಬಿಗೆ ಎರಡು ನಳಿಕೆ ಕೂಡಿಸಿ, ಒಳಗೆ ಕೆಂಡ ಹಾಕಿ, ಲೋಬಾನ ಉದುರಿಸಿ ಮುಚ್ಚಿದರು. ಒಂದು ನಳಿಕೆಗೆ ಕಾಲಲ್ಲಿ ತುಳಿಯುವ ಪಂಪು, ಇನ್ನೊಂದು ಗಾಳಿ ಹೋಗುವ ಪೈಪಿಗೆ. ಶೇವಂತಿ ಸೀರೆ ಮೇಲಕ್ಕೆ ಸಿಕ್ಕಿಸಿ ಪಂಪು ತುಳಿದಳು. ಗ್ಯಾರೇಜಿಗೆ ಗ್ಯಾರೇಜೇ ದರ್ಗಾದ ಹಾಗೆ ಘಮಘಮಿಸಿತು. ಮಹಾಲಿಂಗ ಗಾಡಿಯ ಕೆಳಗೆ ಮಲಗಿ ಪೈಪಿನ ಉದ್ದಕ್ಕೂ ಕೈಯಾಡಿಸುತ್ತ ಹೋದ. ಬಾಗಿದ ರಬ್ಬರಿನ ಹೊಟ್ಟೆಯಲ್ಲಿ, ಕ್ಲಿಪ್ಪಿನ ಮರೆಯಲ್ಲಿ, ಅಂಗೈಗೆ ಸಣ್ಣ ಗಾಳಿ ತಾಗಿತು. ಟಾರ್ಚ್ ಹಾಕಿ ನೋಡಿದ. ಎಳೆಯಷ್ಟು ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು.

"ಸಿಕ್ಕಿತು!" ಎಂದು ಕೂಗಿದ ರಭಸಕ್ಕೆ ಹಣೆ ಗಾಡಿಗೆ ಬಡಿಯಿತು. ಎರಡು ಬೆರಳಗಲದ ಬಿರುಕು, ಅಷ್ಟಕ್ಕೇ ಒಂದು ಗಾಡಿಯ ಕಥೆ ಮುಗಿಸಲು ಹೊರಟಿದ್ದ. ಲಾರಿಯ ಟರ್ಬೊ ಪೈಪಿನಲ್ಲಿ ಅಳತೆಗೆ ಸರಿಯಾದ ತುಂಡು ಕೊಯ್ದು, ಹೊಸ ಕ್ಲಿಪ್ ಹಾಕಿ ಬಿಗಿದ.

ಸಂಜೆ ಹರ್ಷದಾ ಬಂದಾಗ ಅವನು ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡಿದ್ದ. ಪೈಪು ಒಡೆದಿತ್ತು, ಸರಿಮಾಡಿದೆ ಎಂದಷ್ಟೇ ಹೇಳಿ ಪಾರಾಗಬಹುದಿತ್ತು. ಪೈಪು ಬಿಗಿದಾಗಿನಿಂದ ಅದೇ ಮಾತನ್ನು ಮನಸ್ಸಿನಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದನೂ ಹೌದು. ಬಾಗಿಲಲ್ಲಿ ನಿಂತ ಶೇವಂತಿಯನ್ನು ಕಂಡು ಆ ಮಾತು ಬಿಟ್ಟುಬಿಟ್ಟ.

"ಅಕ್ಕಾರ, ನಿಮ್ಮ ಟರ್ಬೊಕ್ಕ ಏನೂ ಆಗಿಲ್ಲ. ನನ್ನ ಕಿವಿ ಹೋಗ್ಯಾವು. ಸಣ್ಣ ಸಪ್ಪಳ ನನಗ ಕೇಳಂಗಿಲ್ಲ. ಅದು ನನಗೂ ಇವತ್ತ ಗೊತ್ತಾತು. ಗಾಡಿ ಮುರಿಯಾಕ ಹಚ್ಚತಿದ್ದೆ, ತಪ್ಪಾತ್ರಿ."

ಹರ್ಷದಾ ಅವನನ್ನೂ ಶೇವಂತಿಯನ್ನೂ ನೋಡಿದಳು. ಆಮೇಲೆ ಫೋನ್ ತೆಗೆದು, ಪುಣೆಯವನಿಗೆ ಮರಾಠಿಯಲ್ಲಿ ಬರುವುದು ಬೇಡವೆಂದು ಹೇಳಿದಳು. "ಅಪ್ಪಾಗೂ ಕಡೀಕ ಕಣ್ಣು ಕಾಣ್ತಿದ್ದಿಲ್ಲ ಕಾಕಾ. ಬಾಜೂಕ ಕೂತು, ಈಗ ಗೇರ್ ಹಾಕು ಅಂತ ಸಪ್ಪಳದ ಮ್ಯಾಲೇ ಹೇಳ್ತಿದ್ರು" ಎಂದಳು. "ಬರ್ರಿ, ಸಾವಳಗಿ ರಸ್ತಾದಾಗ ಒಂದು ಸುತ್ತು ಹೋಗೂಣು. ಕಾಕೂ, ನೀವೂ ಬರ್ರಿ."

ಆ ಗಾಡಿಯ ಹಿಂದಿನ ಸೀಟು ಸೀಟಲ್ಲ, ಚೀಲ ಇಡುವ ಜಾಗ. ಅಲ್ಲಿ ಶೇವಂತಿ ಮೊಣಕಾಲು ಎದೆಗೊತ್ತಿ ಕೂತಳು. ಮಹಾಲಿಂಗ ಮುಂದೆ. ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟಿ ಏರು ಬಂತು. ಹರ್ಷದಾ ಒತ್ತಿದಳು. ಗಾಡಿ ಮೂರೂ ಜನರ ಬೆನ್ನನ್ನು ಹಿಂದಕ್ಕೆ ಒತ್ತಿ ಮೇಲಕ್ಕೆ ಹಾರಿತು. ಹರ್ಷದಾ ಅಳುತ್ತಲೇ ನಗುತ್ತಿದ್ದಳು.

ಎಳೆತವೇನೋ ಬೆನ್ನಿಗೆ ತಿಳಿಯಿತು. ಆದರೂ ಮಹಾಲಿಂಗ ಹಳೇ ರೂಢಿಯಂತೆ ಕಿವಿಗೊಟ್ಟು ಕೂತಿದ್ದ. ಏನೂ ಬರಲಿಲ್ಲ. ಹಿಂದೆ ತಿರುಗಿ, "ಹೊಡಿಯಾಕತ್ತೈತೇನು?" ಎಂದು ಕೇಳಿದ.

ಶೇವಂತಿ ಸೀಟುಗಳ ನಡುವೆ ಕೈ ಚಾಚಿ ಅವನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಗ್ರೀಸು ಹೋಗದ ಆ ಅಂಗೈಯನ್ನು ಬಾಯಿಯ ಹತ್ತಿರ ಹಿಡಿದು, ಇಂಜಿನ್ ಏರಿದಂತೆ ಏರಿಸುತ್ತ, ಇಳಿದಂತೆ ಇಳಿಸುತ್ತ, ಸಣ್ಣಗೆ ಊದಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ.