ಮಾನಪತ್ರದ ಎರಡನೇ ಪುಟ

ಕಳೆದ ಭಾನುವಾರ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಒಬ್ಬರು ಹೃದಯ ತಜ್ಞರಿಗೆ ಸನ್ಮಾನ ಮಾಡಿದೆವು. ಮಾಡಿದೆವು ಅನ್ನುವುದಕ್ಕಿಂತ ಹಿಡಿದು ಕೂರಿಸಿದೆವು ಅನ್ನುವುದೇ ಸರಿ.

ಡಾಕ್ಟರ್ ಉಡುಪಿ ಕಡೆಯವರು. ಠಾಣೆಯಲ್ಲಿ ಮೂವತ್ತು ವರ್ಷ ರೋಗಿಗಳನ್ನು ನೋಡಿದವರು, ಎಷ್ಟೋ ಕಿರಿಯ ಡಾಕ್ಟರುಗಳನ್ನು ತಯಾರು ಮಾಡಿದವರು. ಸನ್ಮಾನಕ್ಕೆ ಒಪ್ಪುವಾಗ ಒಂದೇ ಷರತ್ತು ಹಾಕಿದ್ದರು. "ನನಗೆ ಹತ್ತು ನಿಮಿಷ ಕೊಡಿ. ಹಾರ್ಟ್ ನಿಂತರೆ ಎದೆ ಒತ್ತುವುದು ಹೇಗೆ ಅಂತ ಎಲ್ಲರಿಗೂ ಕಲಿಸ್ತೇನೆ." ಅದಕ್ಕೆಂದೇ ಒಂದು ರಬ್ಬರಿನ ಗೊಂಬೆಯನ್ನೂ ತಂದಿದ್ದರು.

ನಮ್ಮ ಅಧ್ಯಕ್ಷರು ಗೊಂಬೆ ನೋಡಿ ಹೌಹಾರಿದರು. "ದೀಪದ ಎದುರು ಹೆಣ ಮಲಗಿಸಿದ ಹಾಗೆ ಕಾಣ್ತದೆ ಮಾರಾಯ್ರೆ, ಅಪಶಕುನ!" ಗೊಂಬೆ ಪರದೆಯ ಹಿಂದೆ ಹೋಯಿತು. ಹತ್ತು ನಿಮಿಷ? ಅದನ್ನು ಏಳು ಜನರ ಅಭಿನಂದನಾ ಭಾಷಣ ನುಂಗಿತು. (ಏಳರಲ್ಲಿ ಐವರು ತಮ್ಮ ಬಿಪಿ ಬಗ್ಗೆಯೇ ಮಾತಾಡಿದರು.)

ಕೊನೆಗೆ ಮಾನಪತ್ರ. ಬರೆದವಳು ನಾನು, ಎರಡು ಪುಟ. ಓದಿದವರು ಕೋಪರಖೈರಣೆಯಲ್ಲಿ ಹೋಟೆಲ್ ನಡೆಸುವ ಸುಧಾಕರಣ್ಣ. 'ಮೊದಲು ರೋಗಿಯ ಮುಖ ನೋಡಿ, ರಿಪೋರ್ಟ್ ಆಮೇಲೆ ಎಂದು ಶಿಷ್ಯರಿಗೆ ಕಲಿಸಿದ ಮಹಾನುಭಾವರೇ' ಎಂದು ಓದುವಾಗ ಅವರ ಮುಖವೇ ಬೆವರಿನಲ್ಲಿ ತೊಯ್ದಿತ್ತು. ಎಸಿ ಹಾಲ್‌ನಲ್ಲಿ! ನಾವು ಯಾರಾದರೂ ನೋಡಿದೆವೇ? ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆವು.

ನೋಡಿದ್ದು ಡಾಕ್ಟರ್ ಒಬ್ಬರೇ, ಅದೂ ಶಾಲು, ಹಾರ, ಪೇಟದ ಒಳಗಿಂದ. "ಓದಿದ್ದು ಸಾಕು, ಕೂತ್ಕೊಳ್ಳಿ" ಅಂದರು.

"ಎಂಥ ಇಲ್ಲ ಡಾಕ್ಟ್ರೇ, ಗ್ಯಾಸ್. ಬೆಳಿಗ್ಗೆಯಿಂದ ಉಂಟು. ಸೋಡಾ ಕುಡ್ದಿದ್ದೇನೆ" ಅಂದರು ಸುಧಾಕರಣ್ಣ. ನಮ್ಮ ಹೋಟೆಲಿನವರಿಗೆ ಎದೆಯಲ್ಲಿ ಏನೇ ಆದರೂ ಅದು ಗ್ಯಾಸೇ.

ಅಧ್ಯಕ್ಷರು ನಕ್ಕರು. "ಇನ್ನು ಒಂದೇ ಪುಟ ಸರ್. ಮಧ್ಯದಲ್ಲಿ ನಿಲ್ಲಿಸಿದ್ರೆ ಚಂದ ಕಾಣುದಿಲ್ಲ."

ಎರಡನೇ ಪುಟದ ಮೊದಲ ಸಾಲಿಗೇ ಸುಧಾಕರಣ್ಣ ಕುಸಿದರು.

ಪೇಟ ಕಿತ್ತೆಸೆದು ಡಾಕ್ಟರ್ ಸುಧಾಕರಣ್ಣನ ಎದೆ ಒತ್ತತೊಡಗಿದರು. ಡಾಕ್ಟರಿಗೂ ವಯಸ್ಸಾಗಿದೆ. "ಕೈ ಸೋಲ್ತಾ ಉಂಟು, ಒಬ್ಬರು ಬನ್ನಿ" ಎಂದು ಕೂಗಿದರು. ಹಾಲ್ ತುಂಬ ಜನ. ಒಬ್ಬರಿಗಾದರೂ ಎದೆ ಒತ್ತಲು ಬರುತ್ತಿತ್ತೇ? ಹಿಂದಿನ ಸಾಲಿನಿಂದ ಓಡಿ ಬಂದದ್ದು ಅವರ ಶಿಷ್ಯೆ, ಕನ್ನಡದ ಗಂಧಗಾಳಿ ಇಲ್ಲದ ಮರಾಠಿ ಹುಡುಗಿ. "ಸರ್, ಮೀ ಘೇತೆ", ಇನ್ನು ನಾನು ಒತ್ತುತ್ತೇನೆ ಅಂದವಳೇ ಅವರ ಜಾಗದಲ್ಲಿ ಮಂಡಿಯೂರಿದಳು. ಆಂಬುಲೆನ್ಸ್ ಬರುವವರೆಗೆ ಗುರು ಶಿಷ್ಯೆ ಇಬ್ಬರೇ ಸರದಿಯಲ್ಲಿ ಒತ್ತಿದರು.

ನಾನು? ಕೆಳಗೆ ಬಿದ್ದ ಎರಡನೇ ಪುಟವನ್ನು ಹೆಕ್ಕಿ ಹಿಡಿದು ನಿಂತಿದ್ದೆ. ನಾಚಿಕೆಯಾಗುತ್ತದೆ.

ಸುಧಾಕರಣ್ಣ ಬದುಕಿದ್ದಾರೆ. ಐಸಿಯುನಿಂದ ವಾರ್ಡಿಗೂ ಬಂದರು. ಮೊನ್ನೆ ಸಂಘದ ಮೀಟಿಂಗ್ ಆಯಿತು. ಎದೆ ಒತ್ತುವುದನ್ನು ಕಲಿಯುವ ಬಗ್ಗೆಯೇ? ಛೆ, ಎಲ್ಲಿಯ ಮಾತು! ಸದಸ್ಯರ ಜೀವ ಉಳಿಸಿದ್ದಕ್ಕೆ ಡಾಕ್ಟರಿಗೆ ಇನ್ನೊಂದು ಸನ್ಮಾನವಂತೆ, ಮೊದಲಿನದಕ್ಕಿಂತ ದೊಡ್ಡದು. ಮಾನಪತ್ರ ಈ ಸಲ ಮೂರು ಪುಟ ಇರಲಿ ಎಂದು ನನಗೆ ಅಪ್ಪಣೆಯಾಗಿದೆ.

ಬರೆದು ಕೊಡಬಹುದು. ಓದಲು ಯಾರನ್ನು ನಿಲ್ಲಿಸುತ್ತೀರಿ?